ತಂಬಿಗೆ ಎಳೆದ ಗೆರೆ

ಉಜ್ಜಿನಿ
10 ಜೂನ್ 2024, ಸೋಮವಾರ

ಗೆಳತಿ ಸುಲ್ತಾನಬಿಗೆ,

ಮರುಳಸಿದ್ಧನ ದಯದಿಂದ ಇಲ್ಲಿ ಉಸಿರಾಡಿಕೊಂಡು ಇದ್ದೇವೆ; ಮೈಸೂರಿನಲ್ಲಿ ನೀನೂ ಮೆಹನಾಜಳೂ ಹಾಗೇ ಇರಿ. ನಿನ್ನ ಕಿವಿ ಪೂರ್ತಿ ಹೋಯಿತೆಂದು ನಿನ್ನ ಮಗಳು ಫೋನಿನಲ್ಲಿ ಹೇಳಿದ ದಿನ ನನಗೆ ಊಟ ಸೇರಲಿಲ್ಲ. ಇನ್ನು ಫೋನಿನಲ್ಲಿ ಕೂಗಿ ಏನು ಫಲ? ಪಂಚಾಕ್ಷರಪ್ಪ ಮೇಷ್ಟ್ರು ನಮ್ಮಿಬ್ಬರನ್ನು ಎದುರುಬದುರು ಕೂರಿಸಿ ಕಾಗದ ಬರೆಯುವುದು ಕಲಿಸಿದ್ದು ಇದಕ್ಕೇ ಇರಬೇಕು. ಏಳನೇ ಇಯತ್ತೆಯ ಅಕ್ಷರ, ಹೇಗಿದೆಯೋ ಹಾಗೆ ಓದಿಕೋ.

ನಮ್ಮವ್ವನ ಹಿತ್ತಾಳೆ ತಂಬಿಗೆ ನಿನಗೆ ನೆನಪಿರಬೇಕು. ನಿಮ್ಮ ಅಬ್ಬಾ ರಾಜಾಸಾಬ್ ವರ್ಷಕ್ಕೊಮ್ಮೆ ಅದರೊಳಗೆ ತವರ ಬಳಿದು ಕಲಾಯಿ ಹಾಕಿ ಕೊಡುತ್ತಿದ್ದರು. ಅವರು ಹೋದ ಮೇಲೆ ಕೊಟ್ಟೂರಿನಲ್ಲೂ ಇಲ್ಲ, ಹರಪನಹಳ್ಳಿಯಲ್ಲೂ ಇಲ್ಲ, ಕಲಾಯಿ ಹಾಕುವವರೇ ಇಲ್ಲ. ತಂಬಿಗೆಯ ಒಳಗೆ ಹಸಿರು ಕಿಲುಬು ಹಿಡಿದಿತ್ತು. ಶಿವರಾತ್ರಿಗೆ ಮುಂಚೆ ಕೊಟ್ಟೂರಿಗೆ ಒಯ್ದು, ಟ್ರ್ಯಾಕ್ಟರಿನ ರೇಡಿಯೇಟರಿಗೆ ಬೆಸುಗೆ ಹಾಕುವ ಹನುಮಣ್ಣನ ಮುಂದೆ ಇಟ್ಟೆ.

"ಯವ್ವಾ, ಇದು ಟ್ರ್ಯಾಕ್ಟರ್ ಅಲ್ಲಬೇ!" ಎಂದ.

"ದೇವರ ತಂಬಿಗಿ ಐತಪ್ಪಾ. ನಿನ್ನ ಕೈಯಾಗ ಬೆಂಕಿ ಐತಿ, ಬೆಳ್ಳಗ ಕರಗೋದೂ ಐತಿ. ಬಳಿದು ಕೊಡು."

"ಬಳೀತೀನಿ. ನೀರು ಸೋರೋದಿಲ್ಲ. ಅಷ್ಟು ನನಗ ಗೊತ್ತು."

ದುಡ್ಡು ಬೇಡವೆಂದ, ಪಾಪ. ಮುಚ್ಚಳಕ್ಕೂ ಬಳಿದ. ಒಳಗೆಲ್ಲ ಬೆಳ್ಳಿ ಹಾಗೆ ಹೊಳೆಯಿತು. ಆವತ್ತಿನಿಂದ ಸಂಜೆ ಅದರಲ್ಲಿ ಮಜ್ಜಿಗೆ ತುಂಬಿ ದೇವರ ಮನೆಯ ಜಗಲಿಯ ಮೇಲೆ ಸ್ವಾಮಿಯ ಮುಂದಿಡುತ್ತೇನೆ. ಬೆಳಗಾದರೆ ಪ್ರಸಾದವೆಂದು ನಾನೂ ಮೊಮ್ಮಗಳು ಶಾಂಭವಿಯೂ ಕುಡಿಯುತ್ತೇವೆ. ಮಗ ಗುರುಬಸವರಾಜ ಚಹಾ ಬಿಟ್ಟು ಬೇರೆ ಮುಟ್ಟುವುದಿಲ್ಲ. ಸೊಸೆಗೆ ಮಜ್ಜಿಗೆಯೆಂದರೆ ನೆಗಡಿ.

ಕೂಸಿಗೆ ಈಗ ಐದು ವರ್ಷ. ಒಂದು ತಿಂಗಳಿಂದ ಹೊಟ್ಟೆ ಹಿಡಿದುಕೊಂಡು ಅಳುತ್ತಾಳೆ. ದೊಡ್ಡದೇನೂ ಇರಲಿಕ್ಕಿಲ್ಲ. ಆದರೂ ನನಗೆ ಹೆದರಿಕೆ.

ಫ್ಯಾನಿನ ಗಾಳಿಗೆ ಕಾಗದ ಹಾರದಿರಲೆಂದು ತಂಬಿಗೆಯ ಮುಚ್ಚಳ ಇಟ್ಟು ಬರೆದೆ. ಮೂಲೆಯಲ್ಲಿ ಬೂದು ಗೆರೆ ಬಿದ್ದಿದೆ. ಹೊಲಸು ಕಾಗದ ಕಳಿಸಿದಳು ಎಂದುಕೊಳ್ಳಬೇಡ.

ನಿನ್ನ
ಅನ್ನದಾನಮ್ಮ


ಮೈಸೂರು
24 ಜೂನ್ 2024

ದಾನೀ,

ನಿನ್ನ ಕಾಗದ ಓದಲು ಮೆಹನಾಜಳನ್ನೂ ಕೂರಿಸಿಕೊಂಡೆ. ಅಕ್ಷರ ನೋಡಿ ಅವಳು, "ಅಮ್ಮೀ, ಇದು ಕೋಳಿ ಕೆದರಿದ್ದಾ?" ಎಂದು ಚೀಟಿಯಲ್ಲಿ ಬರೆದು ನಗುತ್ತಾಳೆ. ಮೇಷ್ಟ್ರ ಕೈಯಲ್ಲಿ ದುಂಡಗಿನ ಅಕ್ಷರಕ್ಕೆ ಶಾಭಾಶ್ ಅನ್ನಿಸಿಕೊಂಡವಳು ನೀನು. ಇಷ್ಟು ಅವಸರದಲ್ಲಿ ಗೀಚಿ ಕಳಿಸಬೇಕೇ? ಮೂರು ವರ್ಷದಿಂದ ಊರಿಗೆ ಬರಲಿಲ್ಲವೆಂದು ಸಿಟ್ಟಿದ್ದರೆ ನೇರವಾಗಿ ಬೈದು ಬರಿ.

ಕೂಸಿನ ಹೊಟ್ಟೆಗೆ ಓಮದ ಕಾಳಿನ ನೀರು ಕುಡಿಸು.

ನಾನು ಅಟೆಂಡರ್ ಆಗಿರುವ ಕಾಲೇಜಿನಲ್ಲಿ ಒಂದು ತಮಾಷೆ ನಡೆದಿದೆ. ಮಹಡಿಯ ಮೂಲೆಯಲ್ಲೊಂದು ಬೀಗ ಹಾಕಿದ ಹಳೆಯ ಕೋಣೆ. ಬಾಗಿಲ ಮೇಲೆ 'ನಿಸರ್ಗ ತತ್ತ್ವಶಾಸ್ತ್ರ' ಎಂದು ಬಣ್ಣ ಹೋದ ಅಕ್ಷರ. ಒಳಗೆ ಏನಿದೆ, ಏನಿಲ್ಲ! ದುರ್ಬೀನು, ತಕ್ಕಡಿ, ಕಪ್ಪೆಯ ಎಲುಬು, ಒಣಗಿದ ಎಲೆ, ಬಣ್ಣದ ಕಲ್ಲು, ಗಾಜಿನ ಬುಡ್ಡಿ, ಎಲ್ಲ ಒಂದೇ ಕಪಾಟಿನಲ್ಲಿ. ಅದನ್ನೀಗ ಖಾಲಿ ಮಾಡಿ ವಿಭಾಗಗಳಿಗೆ ಹಂಚುತ್ತಿದ್ದಾರೆ. ಅಣ್ಣತಮ್ಮಂದಿರು ಪಾಲಾಗುವಾಗ ಕೊಳಗ ನಿನಗೆ, ಹಂಡೆ ನನಗೆ ಎನ್ನುವಂತೆ.

ಉಸ್ತುವಾರಿಗೆ ಬಂದ ವಯಸ್ಸಾದ ಸರ್ ನನ್ನ ಕಿವಿಗಾಗಿ ಕರಿಹಲಗೆಯ ಮೇಲೆ ಬರೆದು ಹೇಳಿದರು: "ಒಂದು ಕಾಲಕ್ಕೆ ಇದೆಲ್ಲ ಒಂದೇ ಮನೆ ಕಣಮ್ಮಾ. ನಕ್ಷತ್ರ ನೋಡೋನೇ ಕಪ್ಪೆ ಕೊಯ್ದು ನೋಡ್ತಿದ್ದ, ಅವನೇ ಲೋಹ ಕಾಯಿಸ್ತಿದ್ದ. ದೇವರ ಸೃಷ್ಟಿ ಹೇಗೆ ನಡೀತದೆ ಅನ್ನೋದೊಂದೇ ಪ್ರಶ್ನೆ. 'ವಿಜ್ಞಾನಿ' ಅನ್ನೋ ಹೆಸರು ಯುರೋಪಿನಲ್ಲಿ ಹುಟ್ಟಿ ಇನ್ನೂ ಇನ್ನೂರು ವರ್ಷ ಆಗಿಲ್ಲ. ಗಾಳಿ ತೂಗಿ, ಲೋಹ ಸುಟ್ಟು ನೋಡಿದವರು ರಸಾಯನಶಾಸ್ತ್ರ ಅಂತ ಬೇರೆ ಒಲೆ ಹೂಡಿದರು. ಬೆಳಕು, ಶಾಖ, ಓಟ ಅಳೆದವರದ್ದು ಭೌತಶಾಸ್ತ್ರ. ಗಿಡ, ಪ್ರಾಣಿ, ಕಲ್ಲು ಒಬ್ಬೊಬ್ಬರ ಪಾಲಿಗೆ ಹೋಯ್ತು."

"ಜಗಳ ಆಡಿ ಬೇರೆ ಆದ್ರೇನ್ರಿ ಸರ್?" ಎಂದೆ.

ನಕ್ಕು, "ತಿಳಿದದ್ದು ಜಾಸ್ತಿ ಆಯ್ತು. ಒಬ್ಬನ ತಲೇಲಿ ಹಿಡಿಸಲಿಲ್ಲ" ಎಂದು ಬರೆದರು.

ನಮ್ಮ ಪಂಚಾಕ್ಷರಪ್ಪ ಮೇಷ್ಟ್ರು ಒಬ್ಬರೇ ಲೆಕ್ಕ, ಪದ್ಯ, ಮಳೆ, ನಕ್ಷತ್ರ ಎಲ್ಲ ಹೇಳಿಕೊಡುತ್ತಿದ್ದದ್ದು ನೆನಪಾಯಿತು.

ಸುಲ್ತಾನಬಿ


ಉಜ್ಜಿನಿ
19 ಜುಲೈ 2024

ಸುಲ್ತಾನಬಿ,

ಸಿಟ್ಟಿಲ್ಲ. ಪೆನ್ನು ಸರಿಯಿಲ್ಲ, ಅಷ್ಟೇ.

ನಿನ್ನ ಕಾಲೇಜಿನ ಕಥೆ ಓದಿ ನಿನ್ನ ಹಾಗೆ ನಗಲು ಬರಲಿಲ್ಲ. ಆ ಪಾಲು ನಮ್ಮ ಕೂಸಿನ ಮೈಮೇಲೇ ನಡೆಯುತ್ತಿದೆ. ಹರಪನಹಳ್ಳಿಯ ಮಕ್ಕಳ ಡಾಕ್ಟರು ಜಂತುಹುಳ ಎಂದು ಗುಳಿಗೆ ಕೊಟ್ಟರು. ದಾವಣಗೆರೆಯಲ್ಲಿ ರಕ್ತ ನೋಡುವವರು ರಕ್ತ ಕಡಿಮೆ ಎಂದು ಕಬ್ಬಿಣದ ಔಷಧ ಬರೆದರು. ಹೊಟ್ಟೆ ನೋಡುವವರು ಯಂತ್ರ ಆಡಿಸಿ ಹೊಟ್ಟೆ ಚೆನ್ನಾಗಿದೆ ಎಂದರು. ನಾನು ಬಿಡಲಿಲ್ಲ. "ಯಪ್ಪಾ, ಕೂಸು ಮರೀಲಿಕ್ಕತ್ತೈತಿ ನೋಡ್ರಿ. ನಿನ್ನಿ ಬರೀತಿದ್ದ ಅಕ್ಷರ ಇವತ್ತು ಬರವಲ್ದು" ಎಂದೆ.

"ಅದು ನಮ್ಮ ವಿಭಾಗ ಅಲ್ಲಮ್ಮ. ಕೆಳಗ ಹನ್ನೊಂದನೇ ನಂಬರ್ ಕೋಣಿಗೆ ಹೋಗ್ರಿ."

ಹನ್ನೊಂದನೇ ಕೋಣೆಗೆ ಬೀಗ. ಬುಧವಾರ ಬರಬೇಕಂತೆ. ಬಾಗಿಲಿಗೊಂದು ಹೆಸರು ಬರೆದಿದ್ದಾರೆ ಸುಲ್ತಾನಬಿ, ಕೂಸಿನ ಹೆಸರಿನ ಬಾಗಿಲು ಒಂದೂ ಇಲ್ಲ.

ಮನೆಯಲ್ಲಿ ಯಾರಿಗೂ ಹೇಳದ ಮಾತೊಂದು ನಿನಗೆ ಹೇಳುತ್ತೇನೆ. ಬೆಳಿಗ್ಗೆ ತಂಬಿಗೆ ಖಾಲಿಯಾದ ಮೇಲೆ ಒಳಗೆ ಬೆರಳಾಡಿಸಿದರೆ ಬೆರಳು ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಬೂದಿ ಹಾಕಿದವರು ಯಾರೂ ಇಲ್ಲ. ದಿನಾ ಬರುತ್ತದೆ. ಸ್ವಾಮಿ ತಾನೇ ವಿಭೂತಿ ಕೊಡುತ್ತಿದ್ದಾನೆ. ಡಾಕ್ಟರು ಕೈಬಿಟ್ಟರೂ ಅವನು ಬಿಟ್ಟಿಲ್ಲ ಎಂದು ಅದನ್ನು ಕೂಸಿನ ಹಣೆಗೆ ಹಚ್ಚಿ, ಚೂರು ನಾಲಿಗೆಗೂ ಸವರುತ್ತೇನೆ. ಅದೊಂದು ಗಳಿಗೆ ನನ್ನ ಎದೆ ಸುಮ್ಮನಿರುತ್ತದೆ.

ನಕ್ಕೀಯೆ ಮತ್ತೆ.

ಅನ್ನದಾನಮ್ಮ


ಮೈಸೂರು
2 ಆಗಸ್ಟ್ 2024

ದಾನೀ,

ನಗಲಿಲ್ಲ. ನಿನ್ನ ದೇವರ ಮಾತಿಗೆ ನಾನು ಯಾವತ್ತೂ ಬಾಯಿ ಹಾಕಿದವಳಲ್ಲ, ನನ್ನ ನಮಾಜಿಗೆ ನೀನೂ ಹಾಕಿಲ್ಲ. ನಮ್ಮ ನಲವತ್ತು ವರ್ಷ ನಡೆದದ್ದು ಹಾಗೆಯೇ. ಕೂಸಿಗೆ ಒಳ್ಳೆಯದಾಗಲೆಂದು ನಾನೂ ದುವಾ ಮಾಡುತ್ತಿದ್ದೇನೆ.

ಕೋಣೆ ಹೆಚ್ಚುಕಡಿಮೆ ಖಾಲಿಯಾಯಿತು. ಒಂದು ತಗಡಿನ ಡಬ್ಬಿ ಮಾತ್ರ ಯಾರಿಗೂ ಬೇಡ. ಒಳಗೆ ಲೋಹದ ಚೂರುಗಳು, ಒಂದು ಹಳದಿ ಕಾಗದ. ಭೌತಶಾಸ್ತ್ರದವರು ರಸಾಯನದವರಿಗೆ ತೋರಿಸಿದರು, ರಸಾಯನದವರು ಭೂವಿಜ್ಞಾನದವರಿಗೆ, ಅವರು ಮತ್ತೆ ಭೌತಶಾಸ್ತ್ರದವರಿಗೆ. ಮೂರು ದಿನ ಹೊತ್ತು ತಿರುಗಿದ್ದು ನಾನು. ಕೊನೆಗೆ ಆ ಸರ್, "ನೀನೇ ಇಟ್ಟುಕೊಳ್ಳಮ್ಮ, ಕಲಾಯಿಯವರ ಮಗಳು" ಎಂದು ಬರೆದರು. ಮನೆಗೆ ತಂದು ಕಪಾಟಿನ ಮೇಲಿಟ್ಟಿದ್ದೇನೆ. ಬಿಡುವಾದಾಗ ನೋಡಬೇಕು.

ಹೊಸ ಪೆನ್ನು ತಗೋ ಮಾರಾಯ್ತಿ. ಈ ಸಲದ ಸಾಲುಗಳು ಇಳಿಜಾರಿನಲ್ಲಿ ಬಿದ್ದಂತಿವೆ.

ಸುಲ್ತಾನಬಿ


ಉಜ್ಜಿನಿ
28 ಆಗಸ್ಟ್ 2024

ಸುಲ್ತಾನಬಿ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಪೆನ್ನಿನದು ಸುಳ್ಳು. ಮೇ ತಿಂಗಳಿಂದ ಬಲಗೈ ಮಣಿಕಟ್ಟಿನಲ್ಲಿ ಜೋತು ಬೀಳುತ್ತಿತ್ತು, ಈಗ ಎತ್ತಲು ಬರುವುದೇ ಇಲ್ಲ. ಲಕ್ವ ಎನ್ನುತ್ತಾರೆಂದು ಹೆದರಿ ಬಾಯಿ ಬಿಡಲಿಲ್ಲ. ಮನೆಯಲ್ಲಿ ಒಬ್ಬರ ರೋಗ ಸಾಲದೇ?

ಭಾನುವಾರ ಕೂಸಿಗೆ ಮೂರ್ಛೆ ಬಂತು. ಕಣ್ಣು ಮೇಲಾಗಿ, ಹಲ್ಲು ಕಚ್ಚಿ, ನನ್ನ ತೊಡೆಯ ಮೇಲೇ ಸೆಟೆದುಕೊಂಡಿತು. ಸೊಸೆ ಬೀದಿಗೆ ಓಡಿದಳು. ನಾನು ಎಡಗೈಯಲ್ಲಿ ಕೂಸಿನ ತಲೆ ಹಿಡಿದುಕೊಂಡು ಕೂತೆ.

ಈಗ ವಿಭೂತಿ ದಿನಕ್ಕೆ ಎರಡು ಹೊತ್ತು ಕೊಡುತ್ತಿದ್ದೇನೆ. ಬೇರೆ ಏನು ಮಾಡಲಿ ಹೇಳು.

ಅ.


ಮೈಸೂರು
2 ಸೆಪ್ಟೆಂಬರ್ 2024
(ಸ್ಪೀಡ್ ಪೋಸ್ಟ್)

ದಾನೀ, ಇದನ್ನು ಹರಿಯಬೇಡ. ಕೊನೆಯ ತನಕ ಓದು.

ಆ ತಂಬಿಗೆ ಮುಟ್ಟಬೇಡಿರೆಂದು ಹೇಳಲು ನಿನ್ನೆ ಮೆಹನಾಜ ಫೋನ್ ಮಾಡಿದಾಗ ನೀನು ಹೇಳಿದ್ದನ್ನು ಅವಳು ಬರೆದು ತೋರಿಸಿದಳು. "ನಮ್ಮ ಸ್ವಾಮಿ ವಿಭೂತಿಗಿ ವಿಷ ಅಂತೀರೇನು? ನಿಮ್ಮವ್ವಗ ಹೇಳು, ಇಷ್ಟು ದಿನ ಗೆಳೆತನ ಮಾಡಿದ್ದು ಸಾಕಂತ." ಆಮೇಲೆ ಹನ್ನೊಂದು ಸಲ ಮಾಡಿದಳು, ನೀನು ಎತ್ತಲಿಲ್ಲ. ಗುರುಬಸವರಾಜನ ನಂಬರು ನಮ್ಮಲ್ಲಿಲ್ಲ.

ಹೇಗೆ ತಿಳಿಯಿತೆಂದು ಹೇಳುತ್ತೇನೆ. ನಿನ್ನ ಕಾಗದ ಬಂದ ದಿನ ಸುಮ್ಮನೆ ಕೂತಿರಲಾಗದೆ ಆ ಡಬ್ಬಿ ಬಿಚ್ಚಿದೆ. ಹಳದಿ ಕಾಗದದಲ್ಲಿ ಲೋಹದ ಹೆಸರುಗಳು, ಪಕ್ಕದಲ್ಲಿ ಆ ಚೂರಿನಿಂದ ಎಳೆದು ನೋಡಿದ ಗುರುತು. ತಾಮ್ರದ ಮುಂದೆ ಏನಿಲ್ಲ. ತವರದ ಮುಂದೆ ಏನಿಲ್ಲ. ಸೀಸದ ಮುಂದೆ ಬೂದು ಗೆರೆ. ಆ ಗೆರೆಯನ್ನು ಎಲ್ಲೋ ನೋಡಿದ್ದೇನಲ್ಲ ಎನ್ನಿಸಿತು. ನಿನ್ನ ಜೂನ್ ತಿಂಗಳ ಕಾಗದ ತೆಗೆದು ಪಕ್ಕಕ್ಕಿಟ್ಟೆ. ಮುಚ್ಚಳ ಎಳೆದ ಗೆರೆ ಅದೇ.

ಅಬ್ಬಾ ಕಲಾಯಿಗೆ ತವರ ತಂದಾಗ ಮೊದಲು ಬೆರಳಿಂದ ಉಜ್ಜುತ್ತಿದ್ದರು. "ಬೆರಳು ಕಪ್ಪಾತಂದರ ಅದರಾಗ ಸೀಸ ಐತಿ. ಉಣ್ಣೋ ಪಾತ್ರಿಗೆ ಮುಟ್ಟಿಸಬಾರದು" ಎನ್ನುತ್ತಿದ್ದರು. ಹನುಮಣ್ಣನ ಬೆಸುಗೆಯಲ್ಲಿ ಸೀಸ ಇರುತ್ತದೆ. ರೇಡಿಯೇಟರಿಗೆ ಅದು ಸರಿ. ಹುಳಿ ಮಜ್ಜಿಗೆ ಹನ್ನೆರಡು ತಾಸು ಅದರಲ್ಲಿ ಕೂತರೆ ಸೀಸವನ್ನು ತಿಂದು ತನ್ನೊಳಗೆ ಎಳೆದುಕೊಳ್ಳುತ್ತದೆ. ಕುಡಿಯುವವರು ಯಾರು? ನೀನು, ಕೂಸು. ಕೆಟ್ಟಿರುವುದು ಯಾರಿಗೆ? ನಿನಗೆ, ಕೂಸಿಗೆ. ಹೊಟ್ಟೆ, ರಕ್ತ, ಮರೆವು, ಮೂರ್ಛೆ, ನಿನ್ನ ಕೈ, ಎಲ್ಲದಕ್ಕೂ ಸೀಸವೊಂದೇ ಸಾಕೆಂದು ರಸಾಯನದ ಮೇಡಂ ಪುಸ್ತಕ ತೆಗೆದು ತೋರಿಸಿದರು.

ನನ್ನ ತಪ್ಪೂ ಇದೆ. ಜುಲೈಯಲ್ಲಿ ನೀನು ಬೆರಳಿನ ಬೂದಿಯ ಮಾತು ಬರೆದಾಗಲೇ ಎದೆಯಲ್ಲಿ ಚುರ್ ಎಂದಿತ್ತು. ಕಲಾಯಿಯವರ ಮಗಳಿಗೆ ಅಷ್ಟೂ ತಿಳಿಯದೇ? ದೇವರ ವಿಷಯ, ನಾನು ಬೇರೆ ಮತದವಳು, ಬೇಸರ ಮಾಡಿಕೊಂಡಾಳೆಂದು ನುಂಗಿಕೊಂಡೆ. ಒಂದು ತಿಂಗಳು, ದಾನೀ. ಆ ಒಂದು ತಿಂಗಳು ಕೂಸು ಅದನ್ನೇ ಕುಡಿಯಿತು.

ನನ್ನ ಮಾತು ನಂಬಬೇಡ. ಒಂದು ಬಿಳಿ ಹಾಳೆ ತಗೋ. ಸ್ಟೀಲಿನ ಚಮಚದಿಂದ ಒಂದು ಗೆರೆ ಎಳೆ. ತಂಬಿಗೆಯ ಮುಚ್ಚಳದಿಂದ ಒಂದು ಗೆರೆ ಎಳೆ. ಸ್ವಾಮಿಯ ವಿಭೂತಿ ಹಸುವಿನ ಸಗಣಿಯದು, ನೀರಿನಲ್ಲಿ ತೊಳೆದರೆ ಹೋಗುತ್ತದೆ; ಈ ಗೆರೆ ಹೋಗುವುದಿಲ್ಲ. ನಾನು ಅನುಮಾನ ಪಟ್ಟಿದ್ದು ನಿನ್ನ ದೇವರ ಮೇಲಲ್ಲ, ತಂಬಿಗೆಯ ಮೇಲೆ. ಹಾಳೆಯನ್ನು ಡಾಕ್ಟರ ಮುಂದಿಡು. ಸೀಸ ಎಂಬ ಒಂದು ಮಾತು ಹೇಳು, ಸಾಕು.

ಶುಕ್ರವಾರದೊಳಗೆ ಸುದ್ದಿ ಬರದಿದ್ದರೆ ರೈಲು ಹತ್ತಿ ಕೊಟ್ಟೂರಿಗೆ ಬಂದು ಇಳಿಯುತ್ತೇನೆ. ಬಾಗಿಲು ತೆಗೆಯದಿದ್ದರೆ ಕಟ್ಟೆಯ ಮೇಲೆ ಕೂರುತ್ತೇನೆ. ನೀನು ಬೈದರೂ ನನಗೆ ಕೇಳಿಸುವುದಿಲ್ಲ.

ಸುಲ್ತಾನಬಿ


ದಾವಣಗೆರೆ, ಆಸ್ಪತ್ರೆ
6 ಸೆಪ್ಟೆಂಬರ್ 2024

ಸುಲ್ತಾನಬಿ,

ಬರಬೇಡವೆಂದು ಮಗನ ಕೈಲಿ ಮೆಹನಾಜಳಿಗೆ ಫೋನ್ ಮಾಡಿಸಿದ್ದೇನೆ; ಪೂರ್ತಿ ಸುದ್ದಿ ಇದು. ಗುರುಬಸವರಾಜನ ನಂಬರು ಈ ಕಾಗದದ ಬೆನ್ನಿಗೆ ಬರೆದಿದ್ದೇನೆ.

ನಿನ್ನ ಮೇಲಿನ ಸಿಟ್ಟಿನಲ್ಲೇ ಗೆರೆ ಎಳೆದೆ. ಮುಚ್ಚಳದ್ದು ಮೂಡಿತು. ತೊಳೆದೆ. ಹಾಳೆ ಹರಿಯಿತು, ಗೆರೆ ಹೋಗಲಿಲ್ಲ. ಆದರೂ ಮನಸ್ಸು ಒಪ್ಪಲಿಲ್ಲ. ಸ್ವಾಮಿಯನ್ನೇ ಕೇಳುತ್ತೇನೆಂದು ಜಗಲಿಯ ಮುಂದೆ ಕೂತೆ. ತಲೆ ಬಗ್ಗಿಸಿದಾಗ ಕಂಡಿತು. ಜಗಲಿಯ ಕೆಳಗಿನ ಸುಣ್ಣದ ಗೋಡೆಯ ತುಂಬ, ಕೂಸಿನ ಕೈ ಎಟುಕುವಷ್ಟು ಎತ್ತರಕ್ಕೆ, ಬೂದು ಅಕ್ಷರ. ಅ ಆ ಇ ಈ ಯಿಂದ ಹಿಡಿದು ಳ ತನಕ. ಮುಚ್ಚಳ ಬರೆಯುತ್ತದೆಂದು ಅವಳಿಗೆ ನಮಗಿಂತ ಮೊದಲೇ ಗೊತ್ತಿತ್ತು. ಬಳಪ ನೆಕ್ಕಿ ಬರೆಯುವ ಮಗು ಸುಲ್ತಾನಬಿ ಅದು. ಮುಚ್ಚಳವನ್ನೂ ನೆಕ್ಕಿಯೇ ಬರೆದಿದ್ದಾಳೆ.

ಸೊಸೆಯನ್ನು ಕರೆದು ಎಲ್ಲ ಹೇಳಿದೆ, ನಾಲಿಗೆಗೆ ಸವರಿದ್ದನ್ನೂ. ಅವಳು ನನ್ನ ತೊಡೆಯ ಮೇಲಿಂದ ಕೂಸನ್ನು ಎತ್ತಿಕೊಂಡಳು.

ಇಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮನ ಮುಂದೆ ಹಾಳೆ ಇಟ್ಟೆ. ಬೇರೆ ಕೋಣೆಗೆ ಹೋಗ್ರಿ ಎನ್ನುತ್ತಾಳೆಂದು ಕಾದೆ. ಗೆರೆ ನೋಡಿದಳು, ನನ್ನ ಜೋತ ಕೈ ಹಿಡಿದು ನೋಡಿದಳು, ಕೂಸಿನ ತುಟಿ ಎತ್ತಿ ವಸಡು ನೋಡಿದಳು.

"ಯಾರು ಹೇಳಿದ್ರು ಅಜ್ಜಿ ನಿಮಗ, ಸೀಸ ಅಂತ?"

"ಕಲಾಯಿ ರಾಜಾಸಾಬನ ಮಗಳು" ಎಂದೆ.

ನಮ್ಮಿಬ್ಬರ ರಕ್ತ ತೆಗೆದು ಹೊರಗೆ ಕಳಿಸಿದ್ದಾರೆ. ಸೊಸೆ ನನ್ನನ್ನು ವಾರ್ಡಿನೊಳಗೆ ಬಿಡುವುದಿಲ್ಲ. ಬಾಗಿಲ ಹೊರಗೆ ಕೂತು ಬರೆಯುತ್ತಿದ್ದೇನೆ. ಸ್ವಾಮಿಗೆ ಏನೆಂದು ಬೇಡಿಕೊಳ್ಳಬೇಕೋ ತಿಳಿಯುತ್ತಿಲ್ಲ. ಬೇಡಿಕೊಂಡು ಬೇಡಿಕೊಂಡೇ ಕೊಟ್ಟೆನಲ್ಲ.

ಅನ್ನದಾನಮ್ಮ


ಉಜ್ಜಿನಿ
18 ನವೆಂಬರ್ 2024, ಸೋಮವಾರ

ಸುಲ್ತಾನಬಿ,

ಎರಡು ತಿಂಗಳು ಬರೆಯಲಿಲ್ಲ. ಬರೆಯಲು ಕೂತರೆ ಗೆರೆ ನೋಡಿಯೇ ಕೈ ಹಿಂದೆ ಬರುತ್ತಿತ್ತು. ಇದು ಬಲಗೈಯ ಬರಹ, ಗುರುತು ಸಿಕ್ಕಿತೇ? ಮಣಿಕಟ್ಟು ಅರ್ಧ ಏಳುತ್ತದೆ.

ಫೋನಿನಲ್ಲಿ ಮಗ ಹೇಳಿರಬೇಕು. ರಕ್ತದಲ್ಲಿ ಸೀಸವೇ ಇತ್ತು, ಕೂಸಿನಲ್ಲಿ ನನಗಿಂತ ಹೆಚ್ಚು. ಅದನ್ನು ಮೈಯಿಂದ ಇಳಿಸುವ ಔಷಧ ಎರಡು ಸರದಿ ಆಯಿತು, ಇನ್ನೊಂದಿದೆ. ಒಂದು ಹನಿ ರಕ್ತದಲ್ಲಿ ಇಷ್ಟೇ ಸೀಸ ಎಂದು ಲೆಕ್ಕ ಹೇಳುವವರು ಇದ್ದಾರಲ್ಲ! ಬೇರೆ ಒಲೆ ಹೂಡಿದವರನ್ನು ಬೈದಿದ್ದೆ, ಈಗ ಕೈ ಮುಗಿಯುತ್ತೇನೆ. ಸೀಸವೋ ನೋಡಿ ಎಂದು ಅವರನ್ನು ಕೇಳುವವರೊಬ್ಬರು ಬೇಕಿತ್ತು ಅಷ್ಟೇ.

ಹನುಮಣ್ಣ ಬಂದು ಹೊಸ್ತಿಲಲ್ಲಿ ನಿಂತು ಅತ್ತ. "ಸೋರೋದಿಲ್ಲ ಅನ್ನೋದೊಂದ ಗೊತ್ತಿತ್ತಬೇ ಯವ್ವಾ ನನಗ." ಅವನಿಗೆ ಏನೆಂದು ಅನ್ನಲಿ? ಇದು ಟ್ರ್ಯಾಕ್ಟರ್ ಅಲ್ಲ ಎಂದವನ ಕೈಗೆ ತಂಬಿಗೆ ಕೊಟ್ಟವಳು ನಾನು. ಜಗಲಿಯ ಮೇಲೆ ಈಗ ಸ್ಟೀಲಿನ ಲೋಟ. ಸ್ವಾಮಿ ಏನೂ ಬೇಸರ ಮಾಡಿಕೊಂಡಂತಿಲ್ಲ. ಸೊಸೆ ಹತ್ತು ದಿನದಿಂದ ನನ್ನ ಕಡೆ ನೋಡಿ ಮಾತಾಡುತ್ತಾಳೆ.

ಹೊಟ್ಟೆನೋವು ಹೋಗಿದೆ, ಮೂರ್ಛೆ ಮತ್ತೆ ಬಂದಿಲ್ಲ. ಅಕ್ಷರ ಹೋಗಿಬಿಟ್ಟಿದೆ. ಗೋಡೆಯ ಮೇಲೆ ಳ ತನಕ ಬರೆದ ಕೂಸು ಈಗ 'ಈ' ಎನ್ನುವಲ್ಲಿಗೆ ನಿಂತು ನನ್ನ ಮುಖ ನೋಡುತ್ತದೆ. ತಿರುಗಿ ಬರಬಹುದು, ಬರದೆಯೂ ಇರಬಹುದು, ದಿನಾ ಬರೆಸ್ರಿ ಎಂದಿದ್ದಾಳೆ ಡಾಕ್ಟರಮ್ಮ.

ಆ ಗೋಡೆಗೆ ಹಸಿ ಸುಣ್ಣ ಬಳಿಸಿದೆ. ಬಳಿಸುವ ಮೊದಲು ಸ್ವಲ್ಪ ಹೊತ್ತು ನೋಡುತ್ತ ನಿಂತೆ. ಎಷ್ಟು ದುಂಡಗೆ ಬರೆದಿದ್ದಳು.

ಈಗ ಕೇಳಬೇಕಾದದ್ದು ಕೇಳುತ್ತೇನೆ. ಹೋದ ವಾರ ಶಾಲೆಯ ಅಕ್ಕೋರು ಕೂಸಿನ ಕೈಗೆ ಒಂದು ಪೆನ್ಸಿಲ್ ಕಡ್ಡಿ ಕೊಟ್ಟು ಕಳಿಸಿದರು. ಕೂಸು ಕುಣಿಯುತ್ತ ಬಂದು, "ಅಜ್ಜೀ, ಸೀಸದ ಕಡ್ಡಿ ಕೊಟ್ಟಾರ ನೋಡು!" ಎಂದಿತು. ನಾನು ಫಟ್ಟನೆ ಕೈಗೆ ಹೊಡೆದು ಕಿತ್ತುಕೊಂಡೆ. ಅತ್ತು ಅತ್ತು ಮಲಗಿತು. ಎಳೆದು ನೋಡಿದೆ. ಬೂದು ಗೆರೆ. ನಮ್ಮ ಮೇಷ್ಟ್ರೂ ಅದನ್ನು ಸೀಸದ ಕಡ್ಡಿ ಎಂದೇ ಕರೆಯುತ್ತಿದ್ದರು, ನಾವೂ ನೆಕ್ಕಿ ಬರೆದವರೇ. ಸೊಸೆ, "ಅತ್ತೀ, ಎಲ್ಲಾ ಮಕ್ಕಳೂ ಅದರಾಗ ಬರೀತಾವ" ಎನ್ನುತ್ತಾಳೆ. ಎಲ್ಲರೂ ತಂಬಿಗೆಯಲ್ಲೂ ಕುಡಿಯುತ್ತಾರೆ.

ನಿನ್ನ ಕಾಲೇಜಿನಲ್ಲಿ ಇದು ಯಾವ ವಿಭಾಗಕ್ಕೆ ಸೇರುತ್ತದೋ ಅವರನ್ನು ಕೇಳಿ ಬರಿ. ಫೋನಿನಲ್ಲಿ ಬೇಡ, ನಿನ್ನ ಕೈಬರಹದಲ್ಲೇ ಬೇಕು. ಅಲ್ಲಿಯ ತನಕ ಕಡ್ಡಿ ನನ್ನ ಸೆರಗಿನ ಗಂಟಿನಲ್ಲಿರುತ್ತದೆ. ಕೂಸು ದಿನಾ ಬೆಳಿಗ್ಗೆ ಆ ಗಂಟು ಮುಟ್ಟಿ ನೋಡಿ ಹೋಗುತ್ತದೆ.

ಅನ್ನದಾನಮ್ಮ


ಮೈಸೂರು
4 ಡಿಸೆಂಬರ್ 2024

ದಾನೀ,

ಇಲ್ಲ. ಅದರಲ್ಲಿ ಸೀಸ ಇಲ್ಲ.

ಒಂದು ಕಡೆ ಕೇಳಿದರೆ ನಿನಗೆ ಸಮಾಧಾನವಾಗದೆಂದು ರಸಾಯನದವರನ್ನು, ಭೂವಿಜ್ಞಾನದವರನ್ನು, ಆ ವಯಸ್ಸಾದ ಸರ್ ಅವರನ್ನು, ಮೂವರನ್ನೂ ಕೇಳಿದೆ. ಮೂವರೂ ಒಂದೇ ಮಾತು ಬರೆದುಕೊಟ್ಟರು, ಚೀಟಿಗಳನ್ನು ಇದರೊಳಗೆ ಇಟ್ಟಿದ್ದೇನೆ. ಎಲ್ಲ ಒಂದೇ ಮನೆಯಾಗಿದ್ದ ಕಾಲದಲ್ಲಿ ಬೂದು ಗೆರೆ ಎಳೆಯುವುದೆಲ್ಲ ಸೀಸದ ಜಾತಿಯೇ ಎಂದುಕೊಂಡಿದ್ದರಂತೆ. ಹೆಸರು ಆಗ ಇಟ್ಟದ್ದು. ಆಮೇಲೆ ರಸಾಯನದವನೊಬ್ಬ ಸುಟ್ಟು ಶೋಧಿಸಿ ನೋಡಿದಾಗ ಅದು ಇದ್ದಿಲಿನ ಬಳಗ ಎಂದು ತಿಳಿಯಿತು. ತಪ್ಪು ತಿದ್ದಿಕೊಂಡರು, ಹೆಸರು ಮಾತ್ರ ಹಾಗೇ ಉಳಿಯಿತು. ತಂಬಿಗೆಯ ಗೆರೆ ಬೇರೆ, ಕಡ್ಡಿಯ ಗೆರೆ ಬೇರೆ. ಕಣ್ಣಿಗೆ ಎರಡೂ ಒಂದೇ ಕಾಣುತ್ತವೆ. ಹೆದರಿದ್ದು ನಿನ್ನ ತಪ್ಪಲ್ಲ.

ಆದರೂ ನೀನು ನಂಬುವವಳಲ್ಲ ಎಂದು ಗೊತ್ತು. ಅದಕ್ಕೆ ಒಂದು ಹೊಸ ಕಡ್ಡಿ ಈ ಲಕೋಟೆಯಲ್ಲಿದೆ. ವಾರದ ಮೊದಲೇ ಕೊಂಡು, ದಿನಾ ಬೆಳಿಗ್ಗೆ ನಾನೇ ತುದಿ ನೆಕ್ಕಿ ನೋಡಿದ್ದೇನೆ. ತುದಿ ಮೊಂಡಾಗಿದ್ದರೆ ಅದಕ್ಕೇ. ತೊಳೆದು, ಚೂಪು ಮಾಡಿ ಕೂಸಿನ ಕೈಗೆ ಕೊಡು.

'ಈ' ಆದ ಮೇಲೆ 'ಉ' ಬರುತ್ತದೆ. ನೀನು ಹಿಡಿದು ಬರೆಸು, ಬಲಗೈಯಲ್ಲೇ.

ಸುಲ್ತಾನಬಿ